ಕೊಕ್ಕೆಗೆ ಹಾಕಿದ ಏಪ್ರನ್

ಜೂನ್ ೨೨

ಮೆಣಸೇ,

ನಿನ್ನ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಾನೂ ನಿನ್ನ ಅತ್ತೆಯೂ ನಿಂತೇ ಇದ್ದೆವು. ಆಮೇಲೆ ಅವಳು, "ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಒಕ್ಕಾಲಿಗೋಸ್ಕರ ಇಷ್ಟೊಂದು ದುಡ್ಡು ಸುರೀತಾರಾ ಯಾರಾದ್ರೂ?" ಎಂದಳು. ಅಕ್ಕನ ಜೊತೆ ವಾದಕ್ಕಿಳಿದು ಗೆದ್ದದ್ದು ನನ್ನ ಜನ್ಮದಲ್ಲೇ ಇಲ್ಲ.

ಮನೆಗೆ ಬಂದವನು ಮಾಡಿದ ಮೊದಲ ಕೆಲಸ ಹೇಳುತ್ತೇನೆ, ನಗಬೇಡ. ನಿನ್ನ ಏಪ್ರನ್ ತಂದು ನೀಲಿ ತೊಟ್ಟಿಯ ಪಕ್ಕದ ಕೊಕ್ಕೆಗೆ ನೇತು ಹಾಕಿದೆ. ಕೆಳಗೆ ನಿನ್ನ ಹಳೆಯ ಚಪ್ಪಲಿ ಜೋಡಿಸಿಟ್ಟೆ. "ಮೆಣಸೂ, ಹದ ಹೇಗಿದೆ ನೋಡಮ್ಮ" ಎಂದು ಮಾತಾಡಿಸಿದೆ. ಬಣ್ಣ ಹಾಕುವ ನಮ್ಮ ಮನೆತನದ ಕ್ರಮ ನಿನಗೆ ಗೊತ್ತೇ ಇದೆ. ತೊಟ್ಟಿ ನೋಡಿಕೊಳ್ಳುವವರು ಊರಲ್ಲಿ ಇಲ್ಲವೆಂದು ತೊಟ್ಟಿಗೆ ತಿಳಿಯಬಾರದು. ತಿಳಿದರೆ ಮುನಿಸಿಕೊಂಡು ಕೆಡುತ್ತದೆ, ನೂಲು ಎಷ್ಟು ಸಲ ಅದ್ದಿದರೂ ಬೂದಿ ಬಣ್ಣವೇ. ಯಾರಿಗಾದರೂ ಜ್ವರ ಬಂದಾಗ, ಯಾರಾದರೂ ನೆಂಟರ ಮನೆಗೆ ಹೋದಾಗ ಹೀಗೆ ಮಾಡಿಕೊಂಡು ಬಂದಿದ್ದೇವೆ. ಮೂರು ವರ್ಷಕ್ಕೆ ಯಾರೂ ಮಾಡಿಲ್ಲ, ನಿಜ. "ವಾರದ ಮೇಲೆ ಬಿಡಬಾರದು ಅಂತ ಹಿರಿಯರು ಸುಮ್ನೆ ಹೇಳಿಲ್ಲ" ಎಂದು ನಿನ್ನ ಅತ್ತೆ ಗೊಣಗುತ್ತಲೇ ಇದ್ದಾಳೆ.

ಆದರೆ ನಾನೇನು ಮಾಡಲಿ. ಆ ತೊಟ್ಟಿ ನಿನ್ನಮ್ಮನದು. ಅವಳು ತೀರಿಕೊಂಡ ಮೇಲೆ ನಿನ್ನ ಕೈಯನ್ನು ಬಿಟ್ಟರೆ ಇನ್ನೊಬ್ಬರ ಕೈಯನ್ನು ಅದು ಸೇರಿಸಿಕೊಂಡಿಲ್ಲ. ಕೆಂಪು, ಹಳದಿ ತೊಟ್ಟಿಗಳಿಂದ ಮನೆ ಹೇಗೋ ನಡೆಯುತ್ತದೆ. ನಿನ್ನ ಫೀಜು ಹುಟ್ಟಬೇಕಾದದ್ದು ನೀಲಿಯಿಂದಲೇ. ಅದು ಸತ್ತರೆ ನಿನ್ನ ಓದೂ ಅಲ್ಲಿಗೇ ನಿಂತ ಹಾಗೆ.

ನೀನು ಅಲ್ಲಿ ಓದು. ಇಲ್ಲಿ ನಿನ್ನ ಜಾಗ ಇದ್ದ ಹಾಗೇ ಇರುತ್ತದೆ, ಅದನ್ನು ನಾನು ಕಾಯುತ್ತೇನೆ.

ನೀನಿಲ್ಲದೆ ಬೈಸಿಕೊಳ್ಳಲು ಒಬ್ಬನೇ ಉಳಿದ,
ಅಪ್ಪ

ಆಗಸ್ಟ್ ೯

ಅಪ್ಪಾ,

ನಗಬೇಡ ಎಂದದ್ದಕ್ಕೇ ನಗು ಬಂತು.

ನನ್ನ ಕೋಣೆ ಮೇಲಿನ ಮಹಡಿಯಲ್ಲಿದೆ. ಎರಡು ಕಬ್ಬಿಣದ ಮಂಚ, ಎರಡು ಮೇಜು, ಬಾಗಿಲ ಹಿಂದೆ ಒಂದೇ ಒಂದು ಕೊಕ್ಕೆ. ಆ ಕೊಕ್ಕೆಗಾಗಿ ನನಗೂ ಕೋಣೆಯ ಜೊತೆಗಾತಿಗೂ ಮೊದಲ ದಿನವೇ ಜಗಳವಾಯಿತು, ಈಗ ಗಳಸ್ಯ ಕಂಠಸ್ಯ. ಅವಳ ಜಡೆ ಮೊಣಕಾಲಿಗೆ ಬರುತ್ತದೆ, ಎಲ್ಲರೂ ಅವಳನ್ನು ಉದ್ದಜಡೆ ಎನ್ನುತ್ತಾರೆ. ನನ್ನನ್ನು ನೋಡಿ ಅವಳು ಆಡಿದ ಮೊದಲ ಮಾತು, "ನಿಂಗೇನಾದ್ರೂ ಕಾಯಿಲೆನಾ?" ಎಂದು. ಮೊಣಕೈ ತನಕ ನೀಲಿ ಇದ್ದವಳನ್ನು ಯಾರಾದರೂ ಕೇಳುತ್ತಾರೆ. ಈಗ ಅದು ಮಣಿಕಟ್ಟಿಗೆ ಇಳಿದಿದೆ.

ಕೆಮಿಸ್ಟ್ರಿ ಮೇಷ್ಟ್ರು ಮೊನ್ನೆ ನಮ್ಮ ತೊಟ್ಟಿಯ ಗುಟ್ಟನ್ನೇ ಬಿಡಿಸಿಟ್ಟರು. ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳು ಇರುತ್ತವಂತೆ. ಅವು ಬದುಕಿದ್ದರೆ ನೀಲಿ ನೀರಿನಲ್ಲಿ ಕರಗುತ್ತದೆ, ಸತ್ತರೆ ಕರಗುವುದಿಲ್ಲ. ಬೆಚ್ಚಗಿಟ್ಟರೆ ಬದುಕುತ್ತವೆ. ನಾವು ಇಷ್ಟು ತಲೆಮಾರಿನಿಂದ ಮುನಿಸು ಎಂದುಕೊಂಡದ್ದು ಬರೀ ಚಳಿ, ಅಪ್ಪಾ. ಏಪ್ರನ್ ಜೊತೆ ಹರಟುವ ಬದಲು ಒಂದು ಥರ್ಮಾಮೀಟರ್ ತಂದಿಡು.

ಹರಟಲೇಬೇಕು ಎಂದಿದ್ದರೆ ನನ್ನ ಕಾಗದಗಳನ್ನು ಅದಕ್ಕೆ ಓದಿ ಹೇಳು. ಅದೂ ನಾಲ್ಕಕ್ಷರ ಕಲಿಯಲಿ. ಒಂದು ಫೀಜಿಗೆ ಇಬ್ಬರು ಓದಿದ ಹಾಗಾಗುತ್ತದೆ, ಅತ್ತೆಯ ಹೊಟ್ಟೆಯುರಿಯೂ ತಣ್ಣಗಾಗುತ್ತದೆ.

ಇಲ್ಲಿ ನನಗೆ ಹಿಡಿಸಿದೆ. ಇಷ್ಟು ಹಿಡಿಸೀತೆಂದು ನಾನು ಎಣಿಸಿರಲಿಲ್ಲ.

ಮೊದಲ ಪಾಠವನ್ನು ಅಪ್ಪನಿಗೇ ಒಪ್ಪಿಸಿದ,
ಮೆಣಸು

ನವೆಂಬರ್ ೧೪

ಮೆಣಸೇ,

ಥರ್ಮಾಮೀಟರ್ ತಂದಿದ್ದೇನೆ. ಚಳಿಗಾಲ ಶುರುವಾದರೂ ತೊಟ್ಟಿ ಬೆಚ್ಚಗೇ ಇದೆ. ಇಷ್ಟು ಒಳ್ಳೆಯ ನೀಲಿ ನಿನ್ನಮ್ಮನ ಕಾಲದಲ್ಲೂ ಬಂದಿರಲಿಲ್ಲ. ನೂಲಿನ ವ್ಯಾಪಾರಿ ಹೊರಗೆ ಬಿಸಿಲಿಗೆ ಹಿಡಿದು ನೋಡಿ, "ಮಗಳು ಓದೋಕೆ ಹೋದ್ಲು ಅಂದ್ರಿ, ಇದು ಅವಳ ಕೈಯೇ ಅಲ್ವಾ" ಎಂದ. ನಾನು ಹೂಂಗುಟ್ಟಿದೆ.

ನೀನು ಹೇಳಿದ ಹಾಗೆ ಕಾಗದಗಳನ್ನು ಸಂಜೆ ಹೊತ್ತು ಓದುತ್ತಿದ್ದೇನೆ. ಅರ್ಥವಾಗದ ಕಡೆ ನಿಲ್ಲಿಸಿ ಎರಡು ಸಲ ಓದುತ್ತೇನೆ. ನನಗಾಗಿ ಎಂದುಕೋ.

ಒಂದು ವಿಷಯ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ತೊಟ್ಟಿ ಕಲಕುವ ಕೋಲು ಒದ್ದೆಯಾಗಿರುತ್ತದೆ. ನೂಲಿನ ಲಡಿ ಹಿಂಡಿ ಹಗ್ಗದ ಮೇಲೆ ಹರವಿರುತ್ತದೆ, ಗಂಟು ಎಡಕ್ಕೆ ಬರುವ ಹಾಗೆ. ಮನೆಯಲ್ಲಿ ಗಂಟು ಎಡಕ್ಕೆ ಹಾಕುವವಳು ನೀನೊಬ್ಬಳೇ. ನಿನ್ನ ಅತ್ತೆಯನ್ನು ಕೇಳಿದರೆ, "ಮಂಡಿ ನೋವಿಗೆ ನನ್ನ ಕೆಲಸವೇ ಸಾಗ್ತಿಲ್ಲ, ಇನ್ನು ನಿನ್ನ ನೀಲಿ ಕಲಕ್ತೀನಾ" ಎಂದಳು.

ನಿನ್ನೆ ಏಪ್ರನ್‌ನ ದಾರ ಗಂಟು ಬಿದ್ದಿರುವುದನ್ನು ನೋಡಿದೆ. ಹಿಂದುಗಡೆ. ಕೊಕ್ಕೆಗೆ ಹಾಕಿದ ಏಪ್ರನ್‌ಗೆ ಹಿಂದುಗಡೆ ಎಂದರೆ ಗೋಡೆ, ನಡುವೆ ಕೈ ತೂರಿಸುವಷ್ಟು ಜಾಗವಿಲ್ಲ. ಬಿಚ್ಚಲು ಹೋಗಲಿಲ್ಲ. ಕಟ್ಟಿಕೊಂಡವರು ಬಿಚ್ಚಿಕೊಳ್ಳಲಿ ಅನ್ನಿಸಿತು.

ಫೀಜು ಕಳಿಸಿದ್ದೇನೆ. ರಜೆಗೆ ಬರುತ್ತೀಯಲ್ಲ.

ಅಪ್ಪ

ಜನವರಿ ೨೦

ಮೆಣಸಿಗೆ,

ನಾನು ಕಾಗದ ಬರೆಯುವವಳಲ್ಲ. ರಜೆಗೆ ಬರುತ್ತೇನೆಂದು ಬರೆದು ನೀನು ಬರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತೇನೆ.

ಆ ಏಪ್ರನ್ ತುಂಬಿಕೊಳ್ಳುತ್ತಿದೆ. ಹೇಗೆ ಎಂದು ಕೇಳಬೇಡ. ಮೊದಲು ಚಪ್ಪಲಿಯ ಒಳಗೆ ನೀಲಿ ಪಾದದ ಗುರುತು ಬಿತ್ತು. ಆಮೇಲೆ ಹೆಗಲು ಬಂತು. ಹೋದ ವಾರ ನಾನೇ ಇಳಿಸಿ ಸುಟ್ಟುಬಿಡೋಣವೆಂದು ಕೈ ಹಾಕಿದೆ. ಎದೆಯ ಹತ್ತಿರ ಬೆಚ್ಚಗಿತ್ತು. ನಿನ್ನ ಅಪ್ಪ ಬಂದು ನನ್ನ ಕೈ ಹಿಡಿದುಕೊಂಡು, "ಅಕ್ಕ, ಒಂದ್ಸಲ ನಿನ್ನ ಮಾತು ಕೇಳಿ ಇಳಿಸಿದ್ದೀನಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ" ಎಂದ. ನಿನ್ನಮ್ಮ ಹೋದ ದಿನ ಅವಳ ಏಪ್ರನ್ ಇಳಿಸು ಎಂದವಳು ನಾನು. ಅವತ್ತು ಮಾಡಿದ್ದು ಸರಿ, ಇವತ್ತಿಗೂ ಸರಿ ಎನ್ನುತ್ತೇನೆ. ಹೋದವರನ್ನು ಕರೆಯುತ್ತಾ ಕೂರಬಾರದು, ಅವರು ಸಾಯಲು ಹೋಗಿರಲಿ, ಓದಲು ಹೋಗಿರಲಿ.

ಅವನೀಗ ನಿನಗೆ ತಟ್ಟೆ ಇಡುತ್ತಾನೆ.

ಮೂಗಿಗಿಂತ ಮೂಗುತಿ ಭಾರವಾಯಿತು ಮಗಾ. ಬಂದು ನಿನ್ನ ಕೈಯಾರೆ ಅದನ್ನು ಇಳಿಸು. ನಿನ್ನ ಜಾಗವನ್ನು ನೀನೇ ಕೇಳಿ ತೆಗೆದುಕೊಳ್ಳಬೇಕು, ತಡ ಮಾಡಿದರೆ ಕೇಳಲು ಜಾಗವೇ ಇರುವುದಿಲ್ಲ.

ಮಂಡಿ ನೋವಿನ,
ಅತ್ತೆ

ಫೆಬ್ರವರಿ ೧೧

ಅತ್ತೆ,

ನಿನ್ನ ಕಾಗದವನ್ನು ಉದ್ದಜಡೆಗೆ ಓದಿ ಹೇಳಿದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ಮಲಗಿದ ಮೇಲೆ ನನಗೆ ನಗು ನಿಂತುಹೋಯಿತು.

ನೀವಿಬ್ಬರೂ ಒಬ್ಬರನ್ನೊಬ್ಬರು ಹೆದರಿಸಿಕೊಳ್ಳುತ್ತಿದ್ದೀರಿ. ಅಪ್ಪನೇ ಮರೆವಿನಲ್ಲಿ ಕಲಕಿ ಬರುತ್ತಿರಬಹುದು. ತೊಟ್ಟಿಯ ಹಬೆಗೆ ಬಟ್ಟೆ ಬೆಚ್ಚಗಾಗುವುದು ಸಹಜ. ಪರೀಕ್ಷೆ ಇದೆ, ಬೇಸಿಗೆಯಲ್ಲಿ ಲ್ಯಾಬಿನ ಕೆಲಸ ಸಿಕ್ಕಿದೆ, ಹಾಗಾಗಿ ಬರಲಾಗುವುದಿಲ್ಲ.

ಇಷ್ಟು ಬರೆದು ಸುಮ್ಮನಾಗಬಹುದಿತ್ತು. ನಿನ್ನ ಹತ್ತಿರ ಮುಚ್ಚಿಟ್ಟು ದಕ್ಕಿಸಿಕೊಂಡವರಿಲ್ಲ, ಅದಕ್ಕೇ ಹೇಳುತ್ತೇನೆ. ಲ್ಯಾಬಿನಲ್ಲಿ ನೀಲಿ ಕರಗಿಸುವ ಪ್ರಯೋಗ ಇತ್ತು. ಮೇಷ್ಟ್ರು ಎಲ್ಲರೆದುರು, "ಇವಳು ಬಣ್ಣದ ಮನೆಯ ಹುಡುಗಿ, ನೋಡಿ ಕಲೀರಿ" ಎಂದರು. ಎಲ್ಲರ ಗಾಜಿನಲ್ಲೂ ಬಣ್ಣ ಬಂತು. ನನ್ನದು ಬೂದಿ. ಎರಡನೆಯ ಸಲ ಮಾಡಿದೆ, ಬೂದಿ. ನನ್ನ ಕೈ ಈಗ ಉದ್ದಜಡೆಯ ಕೈಯ ಹಾಗೆ ಬಿಳಿಚಿದೆ, ಉಗುರಿನ ಸಂದಿಯಲ್ಲೂ ನೀಲಿ ಇಲ್ಲ. ನಿನ್ನೆ ನೆನಪು ಮಾಡಿಕೊಳ್ಳಲು ನೋಡಿದೆ, ನಮ್ಮ ನೀಲಿ ತೊಟ್ಟಿಯ ವಾಸನೆ ಹೇಗಿತ್ತು ಎಂದು. ಬರಲಿಲ್ಲ.

ಬಂದು ತೊಟ್ಟಿಗೆ ಕೈ ಹಾಕಿ ಅದು ನನ್ನನ್ನು ಗುರುತಿಸದಿದ್ದರೆ ಏನು ಮಾಡಲಿ, ಅತ್ತೆ? ನಿಜವಾದ ಭಯ ಅದು.

ಮೆಣಸು

ಸೆಪ್ಟೆಂಬರ್ ೩

ಮೆಣಸೇ,

ಎರಡನೆಯ ವರ್ಷವೂ ಶುರುವಾಯಿತು. ಬೇಸಿಗೆಯಲ್ಲೂ ನೀನು ಬರಲಿಲ್ಲ ಎಂದು ಬರೆಯಲು ಕೂತರೆ ನನಗೆ ಬೇಜಾರೇ ಆಗಿರಲಿಲ್ಲ ಎಂದು ಗೊತ್ತಾಯಿತು. ಅದೇ ನನ್ನ ನಿದ್ದೆ ಕೆಡಿಸಿದೆ.

ಅವಳು ಇದ್ದಾಳೆ. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ತೊಟ್ಟಿಯ ಹತ್ತಿರ, ಊಟದ ಹೊತ್ತಿಗೆ ನಿನ್ನ ಮಣೆಯ ಮೇಲೆ. ಉಣ್ಣುವುದಿಲ್ಲ, ತಟ್ಟೆಯ ಅಂಚು ಹಿಡಿದು ಕೂರುತ್ತಾಳೆ. ಮಾತು ಕಡಿಮೆ. ಮುಖ ಯಾವಾಗಲೂ ಇರುವುದಿಲ್ಲ. ನಿನ್ನ ಕಾಗದ ಓದುವಾಗ ಮಾತ್ರ ಬರುತ್ತದೆ, ಮೊದಲು ಹಣೆ, ಆಮೇಲೆ ಕಣ್ಣು. ಕಾಗದ ಉದ್ದವಿದ್ದ ದಿನ ಹೆಚ್ಚು ಹೊತ್ತು ನಿಲ್ಲುತ್ತದೆ. ನೀನು ಎರಡು ಸಾಲು ಬರೆದ ದಿನ ಗಲ್ಲ ಬರುವಷ್ಟರಲ್ಲಿ ಅಳಿಸಿಹೋಗುತ್ತದೆ, ನನಗೆ ನೋಡಲಾಗುವುದಿಲ್ಲ.

ನಿನ್ನ ಅತ್ತೆ ಅವಳು ಇರುವ ಕಡೆ ಕೂರುವುದಿಲ್ಲ. ಮೊನ್ನೆ ಮಾತ್ರ ಅವಳ ಕೈಲಿ ಮಂಡಿಗೆ ಎಣ್ಣೆ ಹಚ್ಚಿಸಿಕೊಂಡಳು. "ಕೈ ಚೆನ್ನಾಗಿ ಕಾದಿರುತ್ತೆ, ಅಷ್ಟಕ್ಕೇ" ಎಂದಳು.

ನಿನ್ನ ಫೀಜು ದುಡಿಯುತ್ತಿರುವುದು ಅವಳೇ. ಉದ್ದವಾಗಿ ಬರಿ ಮಗಾ.

ಯಾರಿಗೆ ಬರೆಯುತ್ತಿದ್ದೇನೆಂದು ನಡುನಡುವೆ ಮರೆಯುವ,
ಅಪ್ಪ

ಅಕ್ಟೋಬರ್ ೧

ಅಪ್ಪಾ,

ಅದನ್ನು ಇಳಿಸು. ಬೇಡಿಕೊಳ್ಳುತ್ತಿದ್ದೇನೆ. ತಮಾಷೆಗೆ ಬರೆದ ಒಂದು ಮಾತಿಗೆ ಇಷ್ಟು ದೊಡ್ಡ ಶಿಕ್ಷೆ ಬೇಡ. ನೀಲಿ ಸತ್ತರೆ ಸಾಯಲಿ, ನನ್ನ ಓದು ನಿಂತರೆ ನಿಲ್ಲಲಿ.

ಇಳಿಸಿದೆ ಎಂದು ನಿನ್ನಿಂದ ಒಂದು ಸಾಲು ಬರುವ ತನಕ ನಾನು ಬರೆಯುವುದಿಲ್ಲ. ಒಂದಕ್ಷರವನ್ನೂ ಬರೆಯುವುದಿಲ್ಲ.

ನಿನ್ನ ಒಬ್ಬಳೇ ಮಗಳು,
ಮೆಣಸು

ಮಾರ್ಚ್ ೧೭

ಯೂನಿವರ್ಸಿಟಿಯಲ್ಲಿ ಇರುವವಳಿಗೆ,

ನಿನ್ನದೇ ಬರಹ ನೋಡಿ ಹೆದರಬೇಡ. ಅಕ್ಷರ ಕಲಿತದ್ದೇ ನಿನ್ನ ಕಾಗದಗಳಿಂದ, ಬೇರೆ ಬರಹ ನನಗೆ ಬರುವುದಿಲ್ಲ.

ನೀನು ಬರೆಯುವುದನ್ನು ನಿಲ್ಲಿಸಿ ಒಂದೂವರೆ ವರ್ಷವಾಯಿತು. ಫೀಜು ತೆಗೆದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಿಲ್ಲ, ಇದ್ದದ್ದನ್ನು ಹೇಳಿದೆ. ನಿನ್ನ ಆ ಕೊನೆಯ ಕಾಗದವನ್ನೂ ಅಪ್ಪ ನನಗೆ ಓದಿ ಹೇಳಿದ. ಓದಿ ಮುಗಿಸಿ ಕೊಕ್ಕೆಯ ಹತ್ತಿರ ಬಂದ. "ನಾನು ಯಾರನ್ನ ಇಳಿಸಲಿ?" ಎಂದು ನನ್ನನ್ನೇ ಕೇಳಿದ. ನಾನು ಹೋಗಿ ಕೋಲು ತೆಗೆದುಕೊಂಡು ಕಲಕಿದೆ.

ಹೊಸ ಕಾಗದ ಬರದಿದ್ದಾಗ ಅವನು ಹಳೆಯವನ್ನೇ ತಿರುತಿರುಗಿ ಓದಿದ. ಎಲ್ಲವೂ ಈಗ ನನಗೆ ಬಾಯಿಪಾಠ. ಮುಖ ಅಳಿಸುವುದೂ ನಿಂತಿದೆ. ನೀನು ಕಲಿತದ್ದು ನನಗೆ ಗೊತ್ತು, ನೀನು ಮರೆತದ್ದೂ ನನಗೆ ಗೊತ್ತು. ಇಷ್ಟು ಖರ್ಚಿಗೆ ತಕ್ಕ ಬೆಲೆ ಬಂತಾ ಎಂದು ಅತ್ತೆ ಇಂದಿಗೂ ಅಪ್ಪನನ್ನು ಕೆಣಕುತ್ತಾಳೆ. ಅವನು ತಲೆ ತಗ್ಗಿಸುತ್ತಾನೆ. ಯಾರೂ ನನ್ನನ್ನು ಕೇಳಿಲ್ಲ. ಕೊಟ್ಟವಳು ನಾನು, ಕೊಂಡದ್ದನ್ನು ನೋಡೇ ಇಲ್ಲ.

ಘಟಿಕೋತ್ಸವದ ಕರೆಯೋಲೆ ಬಂತು. ಅಂದು ಗೌನು ಕೊಡುತ್ತಾರಂತಲ್ಲ. ಕೋಣೆಯ ಬಾಗಿಲ ಹಿಂದೆ ಈಗಲೂ ಒಂದೇ ಕೊಕ್ಕೆಯಾ?

ಅಪ್ಪನಿಗೆ ಕೆಮ್ಮು ಹೆಚ್ಚಿದೆ. ಘಟಿಕೋತ್ಸವಕ್ಕೆ ಮುಂಚೆ ಒಮ್ಮೆ ಬಂದು ನೋಡಿಕೊಂಡು ಹೋಗು.

ಮೆಣಸು

ಮೇ ೬

ಅಪ್ಪಾ, ಅತ್ತೆ,

ಏಪ್ರನ್ ಬಿಚ್ಚಿಟ್ಟು, ಹೇಳದೆ ಹೊರಟುಬಂದೆ. ಇಷ್ಟು ಹೊತ್ತಿಗೆ ಯೂನಿವರ್ಸಿಟಿಯಲ್ಲಿದ್ದವಳು ನಿಮ್ಮನ್ನು ಸೇರಿರುತ್ತಾಳೆ. ಅವಳ ಬಸ್ಸೂ ನನ್ನ ಬಸ್ಸೂ ದಾರಿಯಲ್ಲಿ ಒಂದು ಕಡೆ ಎದುರುಬದುರು ನಿಂತವು. ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಳು. ಬಹಳ ದಣಿದ ಹಾಗಿದ್ದಳು, ಎಬ್ಬಿಸಲಿಲ್ಲ.

ಕೋಣೆ ಹುಡುಕುವುದು ಕಷ್ಟವಾಗಲಿಲ್ಲ. ಗೌನು ಕೊಕ್ಕೆಗೆ ನೇತಾಡುತ್ತಿತ್ತು, ಕೆಳಗೆ ಅವಳ ಬೂಟು. ನಮ್ಮ ಮನೆಯ ಕ್ರಮವನ್ನು ಅವಳು ಉದ್ದಜಡೆಗೆ ಯಾವಾಗಲೋ ಕಥೆಯ ಹಾಗೆ ಹೇಳಿದ್ದಳಂತೆ. ಜೊತೆಗಾತಿ ಊರಿಗೆ ಹೋದ ಬೇಜಾರಿಗೆ ಉದ್ದಜಡೆ ಬೆಳಿಗ್ಗೆಯಿಂದ ಆ ಗೌನಿನ ಜೊತೆ ತಮಾಷೆಗೆ ಮಾತಾಡುತ್ತಿದ್ದಳು. ನನ್ನನ್ನು ನೋಡಿ, "ಇಷ್ಟು ಬೇಗ ಬಂದ್ಯಾ? ಕೈ ಏನ್ ಮಾಡ್ಕೊಂಡೆ ಮತ್ತೆ?" ಎಂದಳು. ಮನೆಯ ತೊಟ್ಟಿಗೆ ಕೈ ಹಾಕಿದೆ ಎಂದೆ. ಸುಳ್ಳು ಹೇಳಲಿಲ್ಲ.

ನಿನ್ನೆ ವೇದಿಕೆಯ ಮೇಲೆ ಹೆಸರು ಕರೆದರು. ಯಾರೂ ಎದ್ದು ಹೋಗಲಿಲ್ಲ, ಎರಡನೆಯ ಸಲ ಕರೆದರು. ಅದು ನನ್ನ ಹೆಸರೆಂದು ನನಗೇನು ಗೊತ್ತು, ಅಪ್ಪಾ, ನೀನು ಹುಟ್ಟಾ ಮೆಣಸು ಎಂದೇ ಕರೆದವನು. ಉದ್ದಜಡೆ ಪಕ್ಕೆಗೆ ತಿವಿದ ಮೇಲೆ ಎದ್ದೆ. ಪದವಿಯ ಕಾಗದ ದಪ್ಪಗಿದೆ, ಮೂಲೆಯಲ್ಲಿ ನನ್ನ ಹೆಬ್ಬೆರಳು ನೀಲಿಯಾಗಿ ಮೂಡಿದೆ. ಕೈಗೆ ಬಂದಾಗ ಅತ್ತುಬಿಟ್ಟೆ. ನಾನು ಅಳಬಲ್ಲೆ ಎನ್ನುವುದೂ ಆಗಲೇ ತಿಳಿದದ್ದು.

ಮೇಷ್ಟ್ರು ಲ್ಯಾಬಿನಲ್ಲಿ ಕೆಲಸ ಕೊಡುತ್ತೇನೆ ಎಂದಿದ್ದಾರೆ. ನೀಲಿ ಪ್ರಯೋಗವನ್ನು ಮತ್ತೆ ಮಾಡಿಸಿದರು. ಈ ಸಲ ಬಣ್ಣ ಬಂತು.

ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡ,
ಮೆಣಸು

ಜೂನ್ ೨೨

ಮೆಣಸೇ,

ನಿನ್ನನ್ನು ಬೇರೆ ಏನೆಂದು ಕರೆಯಲಿ, ತಿಳಿಯುತ್ತಿಲ್ಲ.

ಅಂದು ನಾನು ಮನೆ ಮುಟ್ಟಿದಾಗ ಕೊಕ್ಕೆಯ ಮೇಲೆ ಏಪ್ರನ್ ಬರಿದೇ ನೇತಾಡುತ್ತಿತ್ತು. ಅದನ್ನು ಇಳಿಸಿ ಸುಡಬೇಕೆಂದೇ ಬಂದವಳು ನಾನು. ಅಪ್ಪ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಮುದುಕನಾಗಿದ್ದಾನೆ, ನೀನು ಅದನ್ನು ಬರೆದಿರಲಿಲ್ಲ. ನನ್ನ ಅಂಗೈ ಹಿಡಿದು ನೋಡಿ, "ಇಷ್ಟ್ಯಾಕೆ ತಣ್ಣಗಿದ್ದೀಯ? ಬೇಗ ಕಟ್ಕೊಳಮ್ಮ, ಬೆಳಗ್ಗಿಂದ ಮುನಿಸ್ಕೊಂಡು ಕೂತಿದೆ" ಎಂದ. ನಾನು ಯಾರೆಂದು ತಿಳಿದು ಹೇಳಿದನೋ ತಿಳಿಯದೆ ಹೇಳಿದನೋ, ಕೇಳುವ ಧೈರ್ಯ ಬರಲಿಲ್ಲ. ನೀರಿನ ಮೇಲೆ ಬೂದಿ ಬಣ್ಣದ ಪೊರೆ ಕಟ್ಟುತ್ತಿತ್ತು. ನನ್ನಮ್ಮನ ತೊಟ್ಟಿ ನನ್ನ ಕಣ್ಣೆದುರೇ ಸಾಯುತ್ತಿತ್ತು. ಏಪ್ರನ್ ತೊಟ್ಟು ಕೈ ಅದ್ದಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ವಾಸನೆ ಬಂತು, ಹುಳಿ, ಒದ್ದೆ ಮಣ್ಣು, ಅಮ್ಮನ ಕುತ್ತಿಗೆ, ಎಲ್ಲ ಸೇರಿದ್ದು. ಅಲ್ಲೇ ನಿಂತು ಗೋಳೋ ಎಂದು ಅತ್ತೆ.

ಮರುದಿನ ಬಸ್ಸು ಹತ್ತಿ ಬಂದು ನನ್ನ ಪದವಿ ನನಗೆ ಕೊಡು ಎಂದು ಕೇಳಬೇಕೆಂದಿದ್ದೆ. ಬೆನ್ನ ಹಿಂದಿನ ಗಂಟು ಬಿಚ್ಚಲಾಗಲಿಲ್ಲ. ಅತ್ತೆ ಹಲ್ಲಿನಿಂದ ಎಳೆದಳು, ಕತ್ತರಿ ತಂದಳು, ಕತ್ತರಿಯ ಬಾಯಿ ಮೊಂಡಾಯಿತು. ಮೊಣಕೈ ತನಕ ನೀಲಿಯಾಗಿದ್ದೇನೆ. ನೂಲಿನ ವ್ಯಾಪಾರಿ ಬಂದವನು, "ಇವಳು ಎಲ್ಲೂ ಹೋಗೇ ಇಲ್ವಲ್ಲ" ಎಂದ.

ನಿನ್ನ ಘಟಿಕೋತ್ಸವದ ಕಾಗದವನ್ನು ಅಪ್ಪ ನನಗೆ ಓದಿ ಹೇಳಿದ. ಮುಗಿಸಿ, "ಓದ್ಸಿದ್ದು ದಂಡ ಆಗ್ಲಿಲ್ಲ ಬಿಡು, ಒಬ್ಬಳು ಇದ್ದ ಕಡೆ ಇಬ್ಬರಾದ್ರು" ಎಂದು ಕಣ್ಣೊರೆಸಿಕೊಂಡ. ಅತ್ತೆ ಮಂಡಿ ನೀವಿಕೊಳ್ಳುತ್ತಾ, "ಇಬ್ಬರಾಗಿ ಏನ್ ಬಂತು, ಎರಡೂ ಅರ್ಧ" ಎಂದಳು. ಯಾರ ಮಾತು ನಿಜವೆಂದು ನನಗೆ ಗೊತ್ತಾಗಲಿಲ್ಲ. ನೀನು ಹೊಟ್ಟೆ ತುಂಬ ಉಂಡೆ ಎಂದು ಓದಿದಾಗ ಮಾತ್ರ ಸಂತೋಷವಾಯಿತು. ಅದು ನಿಜವಾದ ಸಂತೋಷ. ನಾನು ತಟ್ಟೆಯ ಮುಂದೆ ಕೂರುತ್ತೇನೆ, ಯಾಕೋ ಹಸಿವಾಗುವುದಿಲ್ಲ.

ದುಡಿದವಳು ನೀನು, ಪದವಿ ನಿನ್ನದೇ ಆಗಲಿ. ನಾನು ಕೇಳುವುದು ಒಂದೇ. ಆ ಗೌನನ್ನು ವಾಪಸ್ಸು ಕೊಡಬೇಡ. ಬಾಗಿಲ ಹಿಂದಿನ ಕೊಕ್ಕೆಗೇ ಹಾಕಿರು, ಕೆಳಗೆ ನನ್ನ ಬೂಟು ಇರಲಿ. ಸಂಜೆ ಲ್ಯಾಬಿನಿಂದ ಬಂದಾಗ ನನ್ನ ಹೆಸರು ಹಿಡಿದು ಅದರ ಜೊತೆ ನಾಲ್ಕು ಮಾತಾಡು.

ಆಗಾಗ ಬರಿ. ಉದ್ದವಾಗಿ ಬರಿ. ಅಪ್ಪ ಓದಿ ಹೇಳುತ್ತಾನೆ.

ಮೆಣಸು